ಮೊದಲು ಇಂಜಿನ್, ಆಮೇಲೆ ನಲ್ಲಿ

ಮಾರ್ಚ್ ಕೊನೆಯ ಲೆಕ್ಕದ ಗಡಿಬಿಡಿಯಲ್ಲಿ ಈ ಕಡೆ ತಲೆ ಹಾಕಲು ಆಗಿರಲಿಲ್ಲ. ಇವತ್ತು ಬರೆಯುತ್ತಿರುವುದು ಬ್ಯಾಂಕಿನ ವಿಷಯ ಅಲ್ಲ, ಜೆಟ್ ಸ್ಕೀ ವಿಷಯ. ನಗಬೇಡಿ. ಮೂವತ್ತು ವರ್ಷ ಮುಂಬೈ ಲೋಕಲ್‌ನಲ್ಲಿ ನೇತಾಡಿದವನಿಗೆ ಇದೆಲ್ಲಿಂದ ಬಂತು ಅಂದಿರಾ?

ನನ್ನ ಅಕ್ಕನ ಮಗ ಠಾಣೆಯಲ್ಲಿ ಎರಡು ಹೋಟೆಲ್ ನಡೆಸುತ್ತಾನೆ. ಅಲಿಬಾಗ್ ಹತ್ತಿರ ಕಿಹಿಮಿನಲ್ಲಿ ಒಂದು ಮನೆ ಮಾಡಿದ. ಕಳೆದ ದೀಪಾವಳಿಗೆ ಹೊಸ ಜೆಟ್ ಸ್ಕೀ ಕೊಂಡು, ಮಾಂಡವಾಕ್ಕೆ ಹೋಗುವ ರೋ-ರೋ ಹಡಗಿನಲ್ಲಿ ಟ್ರೇಲರ್ ಸಮೇತ ಸಾಗಿಸಿದ. "ಮಾವ, ಬನ್ನಿ, ಒಂದು ರೌಂಡ್ ಹೋಗುವ" ಅಂದ. ಹೋದೆ. ಸೊಂಟ ಎರಡು ದಿನ ನೋಯುತ್ತಿತ್ತು, ಅದಿರಲಿ.

ಜನವರಿಯಲ್ಲಿ ಗಾಡಿ ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಇಂಜಿನ್ ತಿರುಗಿಸಿದರೆ ಒಳಗಿಂದ ನೀರು ಚಿಮ್ಮಿತಂತೆ. ಮನೆ ನೋಡಿಕೊಳ್ಳುವ ಹುಡುಗ ತೊಳೆಯುವಾಗ ಮೊದಲು ನಲ್ಲಿ ಬಿಟ್ಟು, ಆಮೇಲೆ ಇಂಜಿನ್ ಚಾಲು ಮಾಡಲು ಹೋಗಿದ್ದ. ರಿಪೇರಿ ಖರ್ಚನ್ನು ಅವನ ಸಂಬಳದಲ್ಲಿ ಹಿಡಿಯುವುದೆಂದು ಅಳಿಯ ತೀರ್ಮಾನಿಸಿದ.

ನನ್ನ ತಕರಾರು ಇಲ್ಲೇ. ಉಪ್ಪುನೀರಿನಲ್ಲಿ ಓಡಿಸಿದ ಜೆಟ್ ಸ್ಕೀಯನ್ನು ಪ್ರತಿ ಸಲ ಸಿಹಿನೀರಿನಲ್ಲಿ ಒಳಗಿನಿಂದ ತೊಳೆಯಬೇಕು. ಕೆಲವು ಇಂಜಿನ್‌ಗಳಲ್ಲಿ ತಂಪಿಗೆ ಸಮುದ್ರದ ನೀರೇ ಓಡಾಡುತ್ತದೆ; ಕಾರಿನ ಹಾಗೆ ಕೂಲೆಂಟ್ ಇರುವವುಗಳಲ್ಲೂ ಹೊಗೆ ಕೊಳವೆಗೆ ಸಮುದ್ರದ ನೀರೇ ಹೋಗುತ್ತದೆ. ತೊಳೆಯದಿದ್ದರೆ ಒಳಗೆ ಉಪ್ಪು ಕಟ್ಟಿಕೊಳ್ಳುತ್ತದೆ. ಆದರೆ ತೊಳೆಯುವುದಕ್ಕೂ ಕ್ರಮ ಇದೆ. ಮೊದಲು ಇಂಜಿನ್ ಚಾಲು, ಕೂಡಲೇ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಒಂದೆರಡು ಸಲ ಆಕ್ಸಿಲರೇಟರ್ ಒತ್ತಿ ಉಳಿದ ನೀರು ಹೊರಹಾಕಿ, ಆಮೇಲೆ ಇಂಜಿನ್ ಬಂದ್. ಇಂಜಿನ್ ಓಡುತ್ತಿದ್ದರೆ ಹೊಗೆಯ ರಭಸ ನೀರನ್ನು ಹೊರಗೆ ದೂಡುತ್ತದೆ. ಓಡದಿದ್ದರೆ ನೀರು ಹೊಗೆ ಕೊಳವೆಯಲ್ಲಿ ತುಂಬಿ ಹಿಂದಕ್ಕೆ ಸಿಲಿಂಡರಿಗೆ ಇಳಿಯುತ್ತದೆ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಬಲವಂತವಾಗಿ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುವುದೂ ಉಂಟು.

ಇಷ್ಟೆಲ್ಲ ಮ್ಯಾನ್ಯುಯಲ್‌ನಲ್ಲಿ ಬರೆದಿದೆ. ಇಂಗ್ಲಿಷಿನಲ್ಲಿ. ಅದು ಇದ್ದದ್ದು ಠಾಣೆಯ ಫ್ಲ್ಯಾಟಿನ ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ! ಹುಡುಗನಿಗೆ ಮರಾಠಿ ಬಿಟ್ಟು ಬೇರೆ ಓದಲು ಬರುವುದಿಲ್ಲ. ಯಾರೂ ಹೇಳಿಕೊಡದ ಕ್ರಮವನ್ನು ಅವನು ತಪ್ಪಿದ ಅಂದರೆ ತಪ್ಪು ಯಾರದು?

ನಾನು ಅದನ್ನು ಬಿಚ್ಚಿ ಓದಿದೆ. ಹೊಸ ಇಂಜಿನ್ ಆದ್ದರಿಂದ ಮೊದಲ ಕೆಲವು ತಾಸು ಪೂರ್ತಿ ವೇಗ ಕೂಡದು, ಹತ್ತು ತಾಸಾದ ಮೇಲೆ ಮೊದಲ ಆಯಿಲ್ ಬದಲಾವಣೆ. ನಮ್ಮವನು ಮೊದಲ ದಿನವೇ ದೋಸ್ತರನ್ನು ಕೂರಿಸಿ ಫುಲ್ ಸ್ಪೀಡ್ ಬಿಟ್ಟಿದ್ದಾನೆ, ನಾನೇ ಹಿಂದೆ ಕೂತಿದ್ದೆನಲ್ಲ. ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 10 ದಾಟಬಾರದು ಅಂತಲೂ ಇದೆ. 2025ರಿಂದ ನಮ್ಮ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 20ರದ್ದು. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ನಿಂತರೆ ಕೇಳುವುದೇ ಬೇಡ. ಇದನ್ನು ಕೊಳ್ಳುವ ಮೊದಲೇ ಡೀಲರ್ ಹತ್ತಿರ ಕೇಳಬೇಕಿತ್ತು. ಅಡಿಯಲ್ಲಿ ಆನೋಡ್ ಅಂತ ಒಂದು ಲೋಹದ ತುಂಡು ಇರುತ್ತದೆ, ತಾನು ಸವೆದು ಉಳಿದ ಲೋಹವನ್ನು ಕಾಯುತ್ತದೆ. ಚಂದ ಕಾಣಲಿ ಅಂತ ಅದಕ್ಕೆ ಬಣ್ಣ ಬಳಿದರೆ ಮುಗಿಯಿತು.

ಬಿಕಾಂನಲ್ಲಿ ಸವಕಳಿ ಲೆಕ್ಕ ಕಲಿತವನು ನಾನು. ಕಾಗದದ ಮೇಲೆ ವರ್ಷಕ್ಕೆ ಇಷ್ಟು ಅಂತ ಕಳೆಯುತ್ತೇವೆ. ಸಮುದ್ರದ ಉಪ್ಪು ಮಾರ್ಚ್ 31ರ ತನಕ ಕಾಯುವುದಿಲ್ಲ. ಚಿಕ್ಕವನಿದ್ದಾಗ ಗಂಗೊಳ್ಳಿಯಲ್ಲಿ ನೋಡುತ್ತಿದ್ದೆ, ದೋಣಿಯವರು ಔಟ್‌ಬೋರ್ಡ್ ಇಂಜಿನನ್ನು ಹೆಗಲ ಮೇಲೆ ಹೊತ್ತು ತಂದು ಸಿಹಿನೀರಿನ ಡ್ರಮ್ಮಿನಲ್ಲಿಟ್ಟು ಓಡಿಸುತ್ತಿದ್ದರು. ಊಟಕ್ಕೆ ಕೂರುವುದು ಆಮೇಲೆ. ಯಾರ ಇಂಜಿನ್ನೋ ಅವರೇ ಮಾಡುತ್ತಿದ್ದರು. ನಮ್ಮ ಅಳಿಯನಿಗೆ ಹೇಳಿದರೆ "ಅದಕ್ಕೇ ಅಲ್ವಾ ಮಾವ ಆಳು ಇಟ್ಟದ್ದು" ಅನ್ನುತ್ತಾನೆ. ಓಡಿಸುವ ಖುಷಿ ತನಗೆ, ತೊಳೆಯುವ ಹೊಣೆ ಅವನಿಗೆ. ಸವಾರಿಯ ನಂತರದ ಹದಿನೈದು ನಿಮಿಷ ತನ್ನ ಹತ್ತಿರ ಇಲ್ಲ ಅನ್ನುವವನು ಇಂಥದ್ದನ್ನು ಕೊಳ್ಳಲೇಬಾರದು ಅಂತ ನನ್ನ ಅಭಿಪ್ರಾಯ. ಬೀಚಿನಲ್ಲಿ ಬಾಡಿಗೆಗೆ ಸಿಗುತ್ತದೆ.

ಕಳೆದ ಭಾನುವಾರ ಕಿಹಿಮಿಗೆ ಹೋಗಿ ನಲ್ಲಿಯ ಮೇಲಿನ ಗೋಡೆಯಲ್ಲಿ ಮರಾಠಿಯಲ್ಲಿ ನಾಲ್ಕು ಸಾಲು ಬರೆದು ಬಂದೆ. ಹುಡುಗ ಒಂದೇ ಸಲಕ್ಕೆ ಮಾಡಿ ತೋರಿಸಿದ. ಸಂಬಳದಲ್ಲಿ ಹಿಡಿದ ಎರಡು ಕಂತನ್ನು ವಾಪಸ್ ಕೊಡು ಅಂದಿದ್ದೇನೆ. "ನೋಡುವ ಮಾವ" ಅಂದಿದ್ದಾನೆ ಅಳಿಯ. ನಾನೂ ಬಿಡುವವನಲ್ಲ, ವಸೂಲಿ ವಿಭಾಗದಲ್ಲಿ ಆರು ವರ್ಷ ಕೂತವನು.