ನಮ್ಮ ಬೆಸುಗೆಯನ್ನು ಯಾರಾದರೂ ಪರೀಕ್ಷಿಸಿ

ಹೋದ ವಾರ ನಮ್ಮ ಟ್ರಕ್ಕಿನ ಕೊನೆಯ ವೆಲ್ಡಿಂಗ್ ಮುಗಿಯಿತು. ಟ್ರಕ್ ಎಂದರೆ ದೊಡ್ಡದೇನಲ್ಲ. ಗುಜರಿಯಿಂದ ತಂದ ಹಳೇ ಜೀಪಿನ ಚಾಸಿ, ಅದರದೇ ಎಂಜಿನ್ನು, ಮೇಲೆ ನಾವು ನಾಲ್ವರು ಗೆಳೆಯರು ಕಟ್ಟಿದ ಪೈಪಿನ ಪಂಜರ, ಹಿಂದೆ ಸಾಮಾನು ಹಾಕಲು ಪುಟ್ಟ ತೊಟ್ಟಿ. ಕೆಸರಲ್ಲಿ ಓಡಬೇಕು, ದಿಣ್ಣೆ ಹತ್ತಬೇಕು ಅನ್ನುವುದು ಆಸೆ. ಕೆಲಸ ನಡೆದದ್ದು ಸುಂಕದಕಟ್ಟೆಯಲ್ಲಿ, ಗೆಳೆಯನ ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ. ಪೀಣ್ಯ ಹತ್ತಿರವಿರುವುದರಿಂದ ನಮ್ಮ ಕಡೆ ಗ್ರೈಂಡರಿನ ಸದ್ದು ಯಾರಿಗೂ ಹೊಸದಲ್ಲ. ಅಕ್ಕಪಕ್ಕದವರು ಬೈದದ್ದು ರಾತ್ರಿ ಹತ್ತರ ಮೇಲೆ ಮಾತ್ರ.

ಈಗ ಎಲ್ಲರದೂ ಒಂದೇ ಪ್ರಶ್ನೆ: "ರೋಡಿಗೆ ಯಾವಾಗ ಇಳಿಸ್ತೀರಾ?"

ಇಳಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾಲೀಕ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹೊಸ ಗಾಡಿ ಅಂತಲೇ ಒಪ್ಪಿಗೆ ಪಡೆಯೋಣವೆಂದರೆ, ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪರೀಕ್ಷೆ ಇರುವುದು ತಯಾರಿಕಾ ಕಂಪನಿಗಳ ಮಾದರಿಗಳಿಗೆ. ಶೆಡ್ಡಿನಲ್ಲಿ ಒಂದೇ ಒಂದು ಗಾಡಿ ಕಟ್ಟಿದ ನಮ್ಮಂಥವರಿಗೆ ಅದು ಎಟುಕುವುದಿಲ್ಲ.

ಇನ್ನು ಇವನು ಕಾನೂನನ್ನು ಬೈಯುತ್ತಾನೆ ಅಂದುಕೊಂಡಿರಾ? ಮೂರು ತಿಂಗಳ ಹಿಂದಾಗಿದ್ದರೆ ಬೈಯುತ್ತಿದ್ದೆ.

ಆಗ ನಾನು ಪಂಜರದ ಮೊದಲ ಮೂಲೆಗಳನ್ನು ಬೆಸೆದಿದ್ದೆ. ಸಾಲು ಸಾಲಾಗಿ ಚೆನ್ನಾಗಿ ಕೂತಿತ್ತು. ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದೆ. ನಮಗೆ ಮಷಿನ್ ಬಾಡಿಗೆಗೆ ಕೊಟ್ಟ ವೆಲ್ಡಿಂಗ್ ಅಂಗಡಿಯ ಅಣ್ಣ ಬಂದು ನೋಡಿದರು, ಏನೂ ಹೇಳಲಿಲ್ಲ. "ಇದೇ ಪೈಪಿಂದು ಎರಡು ತುಂಡು ಬೆಸ್ದು ಕೊಡಪ್ಪ" ಅಂದರು. ಕೊಟ್ಟೆ. ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದರು. ಎರಡನೇ ಏಟಿಗೆ, ಒಣಗಿದ ಗಾಯದ ಹಕ್ಕಳೆ ಏಳುವ ಹಾಗೆ ಬೆಸುಗೆ ಎದ್ದು ಬಂತು.

"ಮೇಲ್ಮೇಲೆ ಕೂತೈತೆ ಕಣಪ್ಪ, ಒಳಕ್ಕೆ ಇಳ್ದಿಲ್ಲ."

ಪೈಪ್ ತೂತಾದೀತೆಂಬ ಭಯಕ್ಕೆ ಕರೆಂಟ್ ಕಡಿಮೆ ಇಟ್ಟಿದ್ದೆ. ತುಕ್ಕನ್ನೂ ಪೂರ್ತಿ ಉಜ್ಜಿರಲಿಲ್ಲ. ಗಾಡಿ ಪಲ್ಟಿಯಾದರೆ ಒಳಗೆ ಕೂತವರ ತಲೆ ಕಾಯಬೇಕಾದ ಪಂಜರ ಅದು. ಒಳಗೆ ಕೂರುವವರು ನಾವೇ. ಅಂದು ರಾತ್ರಿ ಸ್ಟೇಟಸ್ ಅಳಿಸಿದೆ. ಮಾರನೇ ದಿನದಿಂದ ಅಷ್ಟೂ ಬೆಸುಗೆಗಳನ್ನು ಗ್ರೈಂಡರಿನಲ್ಲಿ ತೆಗೆದು ಮತ್ತೆ ಶುರು ಮಾಡಿದೆವು. ಮೊದಲು ಎಲ್ಲ ಕಡೆ ಟ್ಯಾಕ್, ಮೂಲೆಯಿಂದ ಮೂಲೆಗೆ ಅಳತೆ, ಆಮೇಲೆ ಈ ಬದಿ ಸ್ವಲ್ಪ, ಆ ಬದಿ ಸ್ವಲ್ಪ. ಒಂದೇ ಕಡೆ ಬೆಸೆಯುತ್ತಾ ಹೋದರೆ ಕಾದ ಕಬ್ಬಿಣ ಆರುವಾಗ ಆ ಕಡೆಗೇ ಎಳೆದುಕೊಳ್ಳುತ್ತದೆ. (ವೆಲ್ಡಿಂಗ್ ಬಗ್ಗೆ ಚಿತ್ರ ಸಮೇತ ಬರೆದು ಒಳ್ಳೆಯ ಅಂಕ ತೆಗೆದವನು ನಾನು ಎಂದು ಇಲ್ಲಿ ಹೇಳಿಕೊಳ್ಳಲು ನಾಚಿಕೆ.)

ಆದ್ದರಿಂದ, ಯಾರು ಬೇಕಾದರೂ ಕಟ್ಟಿ ರಸ್ತೆಗೆ ಬಿಡಲಿ ಎಂದು ನಾನು ಕೇಳುವುದಿಲ್ಲ. ನನ್ನ ಮೊದಲ ಬೆಸುಗೆಯ ಗಾಡಿ ಎದುರಿಗೆ ಬಂದರೆ ನಾನೇ ಪಕ್ಕಕ್ಕೆ ಸರಿಯುತ್ತೇನೆ. ಆದರೆ ಕಾನೂನಿನ 'ಬೇಡ'ಕ್ಕೆ ನನ್ನ ಆ ಬೆಸುಗೆಯೂ ಒಂದೇ, ಈಗಿನದೂ ಒಂದೇ. ಎರಡರ ವ್ಯತ್ಯಾಸ ತೋರಿಸಿದ್ದು ಅಣ್ಣನ ಸುತ್ತಿಗೆ ಮಾತ್ರ.

ಪರೀಕ್ಷೆ ಮಾಡಲಾಗದ ವಿಷಯವೇನಲ್ಲ ಇದು. ವಿದ್ಯಾರ್ಥಿಗಳೇ ಆಫ್-ರೋಡ್ ಗಾಡಿ ಕಟ್ಟಿ ಓಡಿಸುವ ಬಾಹಾ ಎಸ್‌ಎಇ ಸ್ಪರ್ಧೆ ಇದೆ. ಭಾರತದಲ್ಲಿ ಶುರುವಾಗಿದ್ದು 2007ರಲ್ಲಿ, ಇಂದೋರ್ ಬಳಿಯ ಪೀತಂಪುರದಲ್ಲಿ. ಬಾಹಾ ನಿಯಮದಲ್ಲಿ ಪಂಜರ ಬೆಸೆದವನೇ ಅದೇ ಪೈಪಿನ ಮಾದರಿ ತುಂಡು ಬೆಸೆದು, ಮುರಿದು ತೋರಿಸಬೇಕು. ಪೈಪ್ ಹರಿಯಬೇಕೇ ಹೊರತು ಬೆಸುಗೆ ಬಿಡಬಾರದು. ಬ್ರಿಟನ್ನಿನಲ್ಲಿ ಮನೆಯಲ್ಲೇ ಕಟ್ಟಿದ ಒಂದು ಗಾಡಿಯನ್ನೂ ತಪಾಸಣೆ ಮಾಡಿ ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ.

ನಮ್ಮಲ್ಲಿ? ಬೆಳಗಾವಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ ದತ್ತಾತ್ರೇಯ ಲೋಹಾರ್ ಗುಜರಿ ಸಾಮಾನಿನಿಂದ ಕಟ್ಟಿದ, ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಪುಟ್ಟ ಜೀಪು 2021ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಇದು ನಿಯಮಕ್ಕೆ ಹೊಂದುವುದಿಲ್ಲ ಎನ್ನುತ್ತಲೇ ಆನಂದ್ ಮಹೀಂದ್ರ ಮೆಚ್ಚಿ, ಅದರ ಬದಲಿಗೆ ಬೊಲೆರೊ ಕೊಟ್ಟರು. ಸಂತೋಷವೇ. ಆದರೆ ಅವರ ಜೀಪು ಕಂಪನಿಯ ಸಂಗ್ರಹಕ್ಕೆ ಸೇರಿತು. ಎಲ್ಲರಿಗೂ ಬೊಲೆರೊ ಸಿಗುವುದಿಲ್ಲವಲ್ಲ.

ಪರೀಕ್ಷೆ ಇಟ್ಟರೆ ದುಡ್ಡು ಕೊಟ್ಟು ಪಾಸಾಗುತ್ತಾರೆ ಅನ್ನುತ್ತಾರೆ ನಮ್ಮಪ್ಪ. ಆ ಭಯ ನನಗೂ ಇದೆ. ಹಾಗಾದರೆ ರಸ್ತೆಯಿಂದಲೇ ಶುರು ಮಾಡುವುದು ಬೇಡ. ಲೋಹವನ್ನು ಎಳೆದು ಹರಿಯುವ ಯಂತ್ರ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿದೆ. ಸೆಮಿಸ್ಟರಿಗೊಂದು ಶನಿವಾರ ಅದನ್ನು ಊರಿನವರಿಗೂ ತೆರೆಯಲಿ. ಬೆಸೆದ ತುಂಡು ತಂದವರಿಗೆ, ಎಷ್ಟು ಭಾರಕ್ಕೆ ಹರಿಯಿತು ಎಂದು ಒಂದು ಚೀಟಿ ಕೊಟ್ಟರೆ ಸಾಕು.

ಸದ್ಯ ಮಾಗಡಿ ಹತ್ತಿರದ ಗೆಳೆಯನ ಮಾವನ ಜಮೀನಿನಲ್ಲಿ ಓಡಿಸಲು ಒಪ್ಪಿಗೆ ಸಿಕ್ಕಿದೆ. ಭಾನುವಾರ ನಮ್ಮ ಟ್ರಕ್ಕನ್ನು ಇನ್ನೊಂದು ಟ್ರಕ್ಕಿನ ಮೇಲೆ ಹೊರಿಸಿ ಮಾಗಡಿ ರಸ್ತೆಯಲ್ಲಿ ಕಳಿಸಬೇಕು. ಅಣ್ಣನೂ ಬರುತ್ತಾರಂತೆ. ಬಾಡಿಗೆ ದುಡ್ಡು ಇನ್ನೂ ಹೊಂದಿಸಿಲ್ಲ.