ಥರ್ಮಾಕೋಲಿನ ಜ್ವಾಲಾಮುಖಿ

ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಶಾಲೆಗಳಲ್ಲಿ ಜ್ವಾಲಾಮುಖಿಗಳು ಸಿಡಿಯತೊಡಗುತ್ತವೆ. ಥರ್ಮಾಕೋಲ್ ಕೊರೆದು ಮಾಡಿದ ಬೆಟ್ಟ, ಅದಕ್ಕೆ ಕಂದು ಬಣ್ಣ, ತುದಿಯಲ್ಲಿ ಹುದುಗಿಸಿದ ಒಂದು ಲೋಟ. ಲೋಟದಲ್ಲಿರುವ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದರೆ ಕೆಂಪು ನೊರೆ ಉಕ್ಕುತ್ತದೆ. ಮುಖ್ಯ ಅತಿಥಿಗಳು ಮೆಚ್ಚಿ ತಲೆದೂಗುತ್ತಾರೆ. ಪಕ್ಕದಲ್ಲಿ ನಿಂತ ಆರನೆಯ ತರಗತಿಯ ಹುಡುಗ ಬಾಯಿಪಾಠ ಮಾಡಿದ ಏಳೆಂಟು ವಾಕ್ಯಗಳನ್ನು ಉಸಿರು ಬಿಗಿಹಿಡಿದು ಒಪ್ಪಿಸುತ್ತಾನೆ. ಬೆಟ್ಟ ಮಾಡಿದ್ದು ಅಪ್ಪ, ಬಣ್ಣ ಬಳಿದದ್ದು ಅಕ್ಕ, ವಾಕ್ಯ ಬರೆದುಕೊಟ್ಟದ್ದು ಟೀಚರ್. ಹುಡುಗನ ಪಾಲಿಗೆ ಬಂದದ್ದು ವಿನೆಗರ್ ಸುರಿಯುವ ಕೆಲಸ ಮಾತ್ರ. ಇದಕ್ಕೆ ನಾವು ವಿಜ್ಞಾನ ವಸ್ತು ಪ್ರದರ್ಶನ ಎಂದು ಹೆಸರಿಟ್ಟಿದ್ದೇವೆ.

ಉಕ್ಕಿದ ನೊರೆಯೊಳಗೆ ಇರುವುದು ಇಂಗಾಲದ ಡೈಆಕ್ಸೈಡ್. ಅದು ಆಮ್ಲ ಮತ್ತು ಕ್ಷಾರದ ಕತೆ, ಭೂಮಿಯೊಳಗೆ ಬಂಡೆ ಕರಗುವ ಕತೆಯಲ್ಲ. ಆದರೆ ಅದನ್ನು ಕೇಳುವವರು ಯಾರು? ಕೇಳಿದರೆ ಬಹುಮಾನ ಕೆಡುತ್ತದೆ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಉಡುಪಿ ಜಿಲ್ಲೆಯ ಮಗುವಿಗೆ ನಿಜವಾದ ಜ್ವಾಲಾಮುಖಿಯ ಗುರುತು ತೋರಿಸಲು ಥರ್ಮಾಕೋಲ್ ಬೇಕಾಗಿಯೇ ಇಲ್ಲ. ಮಲ್ಪೆಯಲ್ಲಿ ದೋಣಿ ಹತ್ತಿದರೆ ಸೈಂಟ್ ಮೇರೀಸ್ ದ್ವೀಪ ಇದೆ. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಕುಗ್ಗಿ ಸೀಳಿದಾಗ ಆದವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಸಾಕ್ಷಿ ಅದು. ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗುತ್ತಾರೆ, ಅದೇ ಬಂಡೆಯ ಮೇಲೆ ಕುಳಿತು ಚುರುಮುರಿ ತಿನ್ನುತ್ತಾರೆ, ಫೋಟೋ ತೆಗೆಸಿಕೊಂಡು ಬರುತ್ತಾರೆ. ಮರುವಾರ ಥರ್ಮಾಕೋಲ್ ತರಲು ಪೇಟೆಗೆ ಹೊರಡುತ್ತಾರೆ.

ಹಿರಿಯ ಪ್ರಾಥಮಿಕ ಹಂತದ, ಅಂದರೆ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ವಿಜ್ಞಾನದಲ್ಲಿ ಆಸಕ್ತಿಯಿಲ್ಲ ಎಂಬ ದೂರನ್ನು ಎಲ್ಲೆಡೆ ಕೇಳುತ್ತೇವೆ. ಮೊಬೈಲ್ ಬಂದು ಮಕ್ಕಳು ಹಾಳಾದರು ಎಂಬ ವಿವರಣೆಯೂ ಅದರ ಬೆನ್ನಿಗೇ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಹನ್ನೊಂದು ಹನ್ನೆರಡರ ವಯಸ್ಸು ಎಲ್ಲವನ್ನೂ ಬಿಚ್ಚಿ ನೋಡುವ ವಯಸ್ಸು. ಬಿಚ್ಚಲು ನಾವು ಏನನ್ನೂ ಕೊಡುತ್ತಿಲ್ಲ.

ಕಾಪು ಬಳಿಯ ಇನ್ನಂಜೆಯನ್ನೇ ತೆಗೆದುಕೊಳ್ಳಿ. ಪಕ್ಕದ ಶಂಕರಪುರ ಮಲ್ಲಿಗೆಯ ಊರು. ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಶಾಲೆಗೆ ಹೊರಡುವ ಮೊದಲೇ ಮೊಗ್ಗು ಕೊಯ್ದಿರುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಅವರಿಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತು. ಈ ಮಗು ತರಗತಿಯಲ್ಲಿ ಕುಳಿತು ಕಪ್ಪು ಹಲಗೆಯ ಮೇಲಿನ ದಾಸವಾಳದ ಚಿತ್ರವನ್ನು ನಕಲು ಮಾಡಿ ಭಾಗಗಳನ್ನು ಗುರುತಿಸುತ್ತದೆ. ಮಲ್ಲಿಗೆಗೆ ಬೀಜ ಬಿತ್ತುವವರು ಯಾರೂ ಇಲ್ಲ, ಗೆಲ್ಲು ನೆಟ್ಟೇ ಗಿಡ ಮಾಡುತ್ತಾರೆ, ಯಾಕೆ? ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಗೇ ಅರಳುವುದೇಕೆ? ರಾತ್ರಿ ಪರಿಮಳ ಬೀರಿ ಯಾವ ಕೀಟವನ್ನು ಕರೆಯುತ್ತದೆ? ಬೇಸಗೆಯಲ್ಲಿ ರಾಶಿ ರಾಶಿಯಾಗಿ ಸಿಗುವ ಹೂವು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ? ಒಂದು ಗಿಡದ ಮುಂದೆ ನಿಂತರೆ ಒಂದು ತಿಂಗಳ ಪಾಠ ಇದೆ. ಶಾಲೆಯ ಗೇಟಿನ ಹೊರಗೆ ಬಿಟ್ಟುಬಂದ ಈ ತಿಳಿವಳಿಕೆಗೆ ತರಗತಿಯೊಳಗೆ ಬೆಲೆಯಿಲ್ಲ ಎಂದು ಮಗು ಬೇಗ ಕಲಿತುಬಿಡುತ್ತದೆ. ನಿಜವಾಗಿ ಅದು ಕಲಿಯುವುದು ಅದೊಂದನ್ನೇ.

ಇನ್ನಂಜೆ ಸ್ಟೇಶನ್ನಿನಲ್ಲಿ ನಿಲ್ಲದೆ ಓಡುವ ಕೊಂಕಣ ರೈಲಿನ ಕೂಗು ಹತ್ತಿರ ಬರುವಾಗ ಒಂದು ಬಗೆ, ದಾಟಿಹೋದ ಮೇಲೆ ಇನ್ನೊಂದು ಬಗೆ. ಶಬ್ದದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ಎಲ್ಲಿದೆ?

ಪಠ್ಯಪುಸ್ತಕ ಬರೆದವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಏಳನೆಯ ತರಗತಿಯವರು ಓದುತ್ತ ಬಂದ ಪುಸ್ತಕದಲ್ಲಿ ಅರಿಸಿನ ಮತ್ತು ದಾಸವಾಳದಿಂದ ಆಮ್ಲ, ಪ್ರತ್ಯಾಮ್ಲ ಪತ್ತೆ ಮಾಡುವ ಚಟುವಟಿಕೆ ಇದೆ. ಐದು ರೂಪಾಯಿ ಖರ್ಚಿಲ್ಲದ ಕೆಲಸ. ಆದರೆ ಬಹಳ ಕಡೆ ಆ ಚಟುವಟಿಕೆ ನೋಟ್ಸ್ ಆಗಿ ಮಾರ್ಪಡುತ್ತದೆ. 'ಉದ್ದೇಶ, ಸಾಮಗ್ರಿ, ವಿಧಾನ, ತೀರ್ಮಾನ' ಎಂದು ಬರೆಸಿ ಮುಗಿಸುತ್ತಾರೆ. ಅರಿಸಿನ ಸಾಬೂನಿಗೆ ತಾಗಿ ಕೆಂಪಾಗುವುದನ್ನು ಅಮ್ಮನ ಸೀರೆಯ ಮೇಲೆ ನೂರು ಸಲ ನೋಡಿದ ಮಗುವೂ ಪರೀಕ್ಷೆಯಲ್ಲಿ ಗೈಡಿನ ವಾಕ್ಯವನ್ನೇ ಬರೆಯಬೇಕು. ಈಗ ಸ್ಮಾರ್ಟ್ ಕ್ಲಾಸ್ ಬೇರೆ ಬಂದಿದೆ. ಬೀಕರಿನ ವಿಡಿಯೋ ತೋರಿಸಿದರೆ ಪ್ರಯೋಗ ಮಾಡಿದಂತೆ ಎಂದು ಯಾರೋ ನಂಬಿಸಿದ್ದಾರೆ. ಈಜಿನ ವಿಡಿಯೋ ನೋಡಿದವನನ್ನು ಮಟ್ಟು ಕಡಲಿಗೆ ಇಳಿಸುತ್ತೀರಾ?

ಸರಕಾರ ಹಣ ಕೊಟ್ಟಿಲ್ಲವೆಂದಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಸಂತೋಷ. ಆದರೆ ಲ್ಯಾಬಿಗೆ ಕೋಣೆಯೇ ಇಲ್ಲದ, ವಿಜ್ಞಾನಕ್ಕೆ ಪ್ರತ್ಯೇಕ ಶಿಕ್ಷಕರೇ ಇಲ್ಲದ ಹಿರಿಯ ಪ್ರಾಥಮಿಕ ಶಾಲೆ ಆ ಆಯ್ಕೆಯ ಹತ್ತಿರ ಸುಳಿಯುವುದು ಹೇಗೆ? ಆರರಿಂದ ಎಂಟರ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತಕ್ಕೆ ಕನಿಷ್ಠ ಒಬ್ಬ ಶಿಕ್ಷಕರು ಇರಲೇಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇರುವ ಶಿಕ್ಷಕರು ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ, ಆನ್‌ಲೈನ್‌ಗೆ ಏರಿಸಬೇಕಾದ ಮಾಹಿತಿ ಇಷ್ಟನ್ನೂ ಮುಗಿಸಿ ತರಗತಿಗೆ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ಅವರನ್ನು ದೂರುವ ಮನಸ್ಸು ನನಗಿಲ್ಲ.

ಆದರೆ ಹಣವಿಲ್ಲದೆ ಏನೂ ಆಗದು ಎಂಬ ಮಾತೂ ಸುಳ್ಳು. 1972ರಲ್ಲಿ ಮಧ್ಯಪ್ರದೇಶದ ಹೊಶಂಗಾಬಾದಿನ 16 ಹಳ್ಳಿ ಶಾಲೆಗಳಲ್ಲಿ ಒಂದು ಕೆಲಸ ಆರಂಭವಾಯಿತು. ಇದೇ ಆರರಿಂದ ಎಂಟರ ಮಕ್ಕಳು. ಗುಂಪಿನಲ್ಲಿ ಕುಳಿತು ಪ್ರಯೋಗ ಮಾಡುವುದು, ಕಂಡದ್ದನ್ನು ತಾವೇ ಬರೆಯುವುದು, ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯುವುದು. ಅದು ಸುಮಾರು ಸಾವಿರ ಶಾಲೆಗಳಿಗೆ ಹಬ್ಬಿತು. 2002ರಲ್ಲಿ ಅಲ್ಲಿನ ಸರಕಾರವೇ ಅದನ್ನು ನಿಲ್ಲಿಸಿತು. ಪ್ರಶ್ನೆ ಕೇಳುವ ಮಕ್ಕಳನ್ನು ಮೂವತ್ತು ವರ್ಷ ಸಹಿಸಿದ್ದೇ ದೊಡ್ಡದು ಎನ್ನಬೇಕೇನೋ.

ನಮ್ಮಲ್ಲಿಯೂ ಪರಂಪರೆ ಬಡವಾಗಿಲ್ಲ. ಇದೇ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲೇ 'ಬಾಲ ಪ್ರಪಂಚ'ದ ಮೂರು ಸಂಪುಟ ತಂದರು. 1978ರಲ್ಲಿ ಹೊರಟ 'ಬಾಲ ವಿಜ್ಞಾನ' ಮಾಸಿಕವನ್ನು ಅಡ್ಯನಡ್ಕ ಕೃಷ್ಣಭಟ್ಟರು ಬಹುಕಾಲ ಸಂಪಾದಿಸಿದರು. ಕನ್ನಡದಲ್ಲಿ ವಿಜ್ಞಾನ ಹೇಳಲಾಗದು ಎಂದು ಇಂಗ್ಲಿಷ್ ಮಾಧ್ಯಮಕ್ಕೆ ಓಡುವ ಹೆತ್ತವರು ಇದರ ಒಂದು ಸಂಚಿಕೆಯನ್ನಾದರೂ ಬಿಡಿಸಿ ನೋಡಿದ್ದಾರೆಯೇ?

ಶಾಲೆಯ ಕ್ಯಾಲೆಂಡರ್ ಕೂಡ ಆಕಾಶದ ವಿರುದ್ಧವೇ ಇದೆ. ಇನ್ನಂಜೆಯಲ್ಲಿ ಏಪ್ರಿಲ್ 25ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆದರೆ ಆಗ ಬೇಸಗೆ ರಜೆ. ಎರಡನೆಯ ಸಲ ಆಗಸ್ಟ್ 17-18ರ ಸುಮಾರಿಗೆ ಬರುತ್ತಾನೆ, ಆಗ ಮೋಡ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘದವರು ಇಂಥ ದಿನಗಳನ್ನು ಜನರಿಗೆ ತಿಳಿಸುತ್ತ ಬಂದಿದ್ದಾರೆ. ರಜೆಯಲ್ಲಿ ಒಂದು ತಾಸು ಮಕ್ಕಳನ್ನು ಶಾಲೆಯ ಅಂಗಳಕ್ಕೆ ಕರೆಸಿ ಕೋಲು ನೆಡಿಸಲು ಯಾವ ಅನುದಾನ ಬೇಕು? ನೆರಳು ಮಾಯವಾಗುವುದು 12 ಗಂಟೆಗಲ್ಲ, ಹತ್ತಿರ ಹತ್ತಿರ 12.30ಕ್ಕೆ ಎಂದು ಕಂಡ ಮಗು ಯಾಕೆ ಎಂದು ಕೇಳದೆ ಇರಲು ಸಾಧ್ಯವೇ ಇಲ್ಲ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ಕಂಕಣ ಗ್ರಹಣ ನೋಡುತ್ತಿದ್ದಾಗ, ಕಲಬುರಗಿ ಬಳಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಹೂತವರೂ ಶಾಲೆ ಕಲಿತವರೇ ಇದ್ದಿರಬಹುದು. ಗ್ರಹಣದ ಚಿತ್ರ ಬಿಡಿಸಿ ಅಂಕ ಪಡೆದವರೂ ಇದ್ದಿರಬಹುದು.

ಇನ್ನೊಂದು ವಿಷಯವನ್ನು ಬಾಯಿಬಿಟ್ಟು ಹೇಳಬೇಕು. ಇನ್ನಂಜೆಯಿಂದ ಕೆಲವೇ ಕಿಲೋಮೀಟರ್ ದೂರದ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. 2010ರಲ್ಲಿ ಅದು ಉತ್ಪಾದನೆ ಆರಂಭಿಸಿತು. ಹಾರುಬೂದಿ ಮತ್ತು ಕಲ್ಲಿದ್ದಲಿನ ಧೂಳಿನ ಬಗ್ಗೆ, ತಂಪುಗೊಳಿಸುವ ಗೋಪುರದ ಉಪ್ಪು ಹನಿಗಳಿಂದ ಮಲ್ಲಿಗೆ ಬೆಳೆ ಹಾಳಾಗುತ್ತಿದೆ ಎಂಬ ಬಗ್ಗೆ ಊರವರು ದೂರುತ್ತ ಬಂದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟುವಂತೆ ಆದೇಶಿಸಿತು. ಪತ್ರಿಕೆಯಲ್ಲಿ ಇಷ್ಟೆಲ್ಲ ಬಂದಿತು. ಬಿಳಿ ಕಾಗದಕ್ಕೆ ತೆಂಗಿನೆಣ್ಣೆ ಸವರಿ ಮಾಡಿನಡಿ ಒಂದು ವಾರ ಇಟ್ಟು, ಅಂಟಿದ ಧೂಳಿನ ಕಣಗಳನ್ನು ಭೂತಗನ್ನಡಿ ಹಿಡಿದು ಎಣಿಸುವುದು ಏಳನೆಯ ತರಗತಿಯವರಿಗೆ ಕಷ್ಟವಲ್ಲ. ಎಲ್ಲೂರಿನ ಮನೆಯಲ್ಲೊಂದು, ಇನ್ನಂಜೆಯಲ್ಲೊಂದು, ಶಿರ್ವದಲ್ಲೊಂದು ಕಾಗದ ಇಟ್ಟು ಹೋಲಿಸಬಹುದು. ದೂರು ಸರಿಯೋ ತಪ್ಪೋ, ಅಂಕಿ ಏನು ಹೇಳುತ್ತದೋ ಮಕ್ಕಳೇ ನೋಡಲಿ. ಇಂಥದೊಂದು ಕಾಗದವನ್ನು ವಸ್ತು ಪ್ರದರ್ಶನದಲ್ಲಿ ಇಡಲು ಎಷ್ಟು ಶಾಲೆಗಳಿಗೆ ಧೈರ್ಯವಿದೆ? ಕಾರ್ಯಕ್ರಮದ ಪ್ರಾಯೋಜಕರು ಬೇಸರಿಸಿಯಾರು, ಊರಿನ ಮುಖಂಡರು ಹುಬ್ಬು ಗಂಟಿಕ್ಕಿಯಾರು. ಥರ್ಮಾಕೋಲಿನ ಜ್ವಾಲಾಮುಖಿ ಯಾರ ಹುಬ್ಬನ್ನೂ ಗಂಟಿಕ್ಕಿಸುವುದಿಲ್ಲ. ಅದು ಇಷ್ಟೊಂದು ಜನಪ್ರಿಯವಾಗಲು ಕಾರಣ ಇದೇ ಎಂದು ನನ್ನ ಗುಮಾನಿ.

ಆದ್ದರಿಂದ ಶಾಲಾಭಿವೃದ್ಧಿ ಸಮಿತಿಯವರಲ್ಲಿ ಒಂದು ಬೇಡಿಕೆ. ಈ ವರ್ಷ ಮಾದರಿಗಳಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಿ. ಮಗು ತಾನೇ ತಿಂಗಳುಗಟ್ಟಲೆ ನೋಡಿ ಬರೆದ ಒಂದು ಪುಸ್ತಕ ತರಲಿ. ಬಾವಿಯ ನೀರು ವಾರವಾರಕ್ಕೆ ಎಷ್ಟು ಇಳಿಯಿತು, ಮಲ್ಲಿಗೆಯ ಒಂದು ಗೆಲ್ಲಿನಲ್ಲಿ ಎಷ್ಟು ಮೊಗ್ಗು ಬಂತು, ಕಾಗದಕ್ಕೆ ಎಷ್ಟು ಧೂಳು ಅಂಟಿತು ಎಂಬುದು ಅದರಲ್ಲಿರಲಿ. ಅಕ್ಷರ ಸೊಟ್ಟಗಿದ್ದರೂ, ಕಾಟು ಹೊಡೆದಿದ್ದರೂ ಪರವಾಗಿಲ್ಲ. ತೀರ್ಪುಗಾರರು ಅದನ್ನು ಪುಟಪುಟವಾಗಿ ಓದಲಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಲಿ. ಅದಕ್ಕೆ ಅರ್ಧ ದಿನ ಸಾಲದಿದ್ದರೆ ಉದ್ಘಾಟನಾ ಭಾಷಣಗಳನ್ನು ಕಡಿಮೆ ಮಾಡಿ.