ಬೀಜದ ಮಾತು ಕೆಳಮನೆಗೆ ತಲುಪಬೇಕು

ಲೋಕಸಭೆಯನ್ನು ನಾವು ನೆನೆಯುವುದು ಐದು ವರ್ಷಕ್ಕೊಮ್ಮೆ. ಬೆರಳಿನ ಶಾಯಿ ಮಾಸುವಷ್ಟರಲ್ಲಿ ಅದನ್ನು ಮರೆತೂ ಬಿಡುತ್ತೇವೆ. ಆದರೆ ಬ್ಯಾಡಗಿಯ ರೈತನೊಬ್ಬ ತನ್ನ ಕಣದಲ್ಲಿ ಆರಿಸಿಟ್ಟ ಮೆಣಸಿನಕಾಯಿಯ ಬೀಜವನ್ನು ಮುಂದಿನ ಮುಂಗಾರಿಗೆ ಬಿತ್ತಬಹುದೆ, ನೆರೆಯವನಿಗೆ ಕೊಡಬಹುದೆ, ಕೊಂಡ ಬೀಜ ಕೈಕೊಟ್ಟರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯುವ ಕೈಗಳು ಆ ಮನೆಯಲ್ಲಿವೆ. ಆದ್ದರಿಂದ ಕೆಳಮನೆಯ ಆರೋಗ್ಯವೂ ಪರಿಸರ ಚಳವಳಿಯ ಕಾಳಜಿಯಾಗಬೇಕು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಬೀಜದ ದೃಷ್ಟಿಯಿಂದ ಸಾಮಾನ್ಯ ಊರುಗಳಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ರೂಪಿಸಿದ ‘ವರಲಕ್ಷ್ಮಿ’ ಹತ್ತಿಯ ನಂತರ ಈ ಸೀಮೆಯಲ್ಲಿ ಸಂಕರಣ ಬೀಜೋತ್ಪಾದನೆ ಒಂದು ಬದುಕಾಗಿ ಬೆಳೆಯಿತು. ಮೊಗ್ಗನ್ನು ಬಿಡಿಸಿ, ಕೇಸರ ತೆಗೆದು, ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಪರಾಗ ಸವರುವ, ಜನ ‘ಕ್ರಾಸಿಂಗ್’ ಎಂದು ಕರೆಯುವ ಆ ಸೂಕ್ಷ್ಮ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಲ್ಲಿ ನಡೆಯುತ್ತದೆ. ರಾಣೆಬೆನ್ನೂರಿನ ಹೊಲಗಳ ತರಕಾರಿ ಬೀಜ ದೂರದೂರದ ರಾಜ್ಯಗಳಲ್ಲಿ ಮೊಳೆಯುತ್ತದೆ. ಪಕ್ಕದ ಬ್ಯಾಡಗಿಯಲ್ಲಿ ಇದಕ್ಕೆ ವಿರುದ್ಧವಾದ ಪರಂಪರೆ. ಕಡು ಕೆಂಪು ಬಣ್ಣ, ಸುಕ್ಕು ತೊಗಲು, ಕಡಿಮೆ ಖಾರದ ಕಡ್ಡಿ ಮತ್ತು ಡಬ್ಬಿ ತಳಿಗಳನ್ನು ಬೆಳೆಗಾರರೇ ತಲೆಮಾರುಗಳಿಂದ ಆಯ್ದು ಉಳಿಸಿದ್ದಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ಈ ಆಯ್ಕೆಗೇ ಸಂದ ಗೌರವ.

ಇವೆರಡರ ವ್ಯತ್ಯಾಸ ಸಸ್ಯಶಾಸ್ತ್ರದ್ದಷ್ಟೇ ಅಲ್ಲ. ಸಂಕರಣ ತಳಿಯ ಬೀಜವನ್ನು ಎರಡನೆಯ ವರ್ಷ ಬಿತ್ತಿದರೆ ಗುಣಗಳು ಚದುರುತ್ತವೆ. ಹಾಗಾಗಿ ಪ್ರತಿವರ್ಷ ಅಂಗಡಿಯ ಮುಂದೆ ನಿಲ್ಲಬೇಕು. ಬ್ಯಾಡಗಿಯ ತಳಿ ಮನೆಯಲ್ಲೇ ಮುಂದುವರಿಯುತ್ತದೆ. ಆದರೆ ಮೆಣಸಿನ ಗಿಡದಲ್ಲಿ ಪರಕೀಯ ಪರಾಗಸ್ಪರ್ಶವೂ ಸಾಕಷ್ಟು ನಡೆಯುವುದರಿಂದ, ಸುತ್ತಲ ಹೊಲಗಳಲ್ಲಿ ಬೇರೆ ತಳಿ ತುಂಬಿದರೆ ಅದರ ಶುದ್ಧತೆ ಕೆಡುತ್ತದೆ. ಒಬ್ಬ ರೈತನ ಎಚ್ಚರದಿಂದ ಇದು ಉಳಿಯದು. ಇಲ್ಲಿ ಕಾನೂನಿನ ಆಸರೆ ಬೇಕು, ಕಾನೂನು ಮಾಡುವವರಿಗೆ ಈ ತಿಳಿವಳಿಕೆ ಬೇಕು.

ಕೆಳಮನೆ ಇಂಥ ತಿಳಿವಳಿಕೆಯನ್ನು ತೋರಿದ ಒಂದು ಪ್ರಸಂಗ ಪ್ರತಿಯೊಬ್ಬ ಕೃಷಿಕನಿಗೂ ಗೊತ್ತಿರಬೇಕು. ಸಸ್ಯ ತಳಿ ರಕ್ಷಣೆಯ ಮಸೂದೆ 1999ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಾಗ ಅದು ಮುಖ್ಯವಾಗಿ ತಳಿ ರೂಪಿಸುವ ಸಂಸ್ಥೆಗಳ ಹಿತದ ಮಸೂದೆಯಾಗಿತ್ತು. ಅದನ್ನು ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು. ಸಮಿತಿ ರೈತರ, ವಿಜ್ಞಾನಿಗಳ, ಸಂಘಟನೆಗಳ ಮಾತು ಕೇಳಿ, ರೈತರ ಹಕ್ಕುಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು. 2001ರ ಆಗಸ್ಟ್ 9ರಂದು ಲೋಕಸಭೆ ಅದನ್ನು ಅಂಗೀಕರಿಸಿತು. ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕು ಇಂದು 39ನೆಯ ವಿಧಿಯಲ್ಲಿದೆ. ಅದು ಅಲ್ಲಿಗೆ ಬಂದದ್ದು ಸಾವಧಾನದ ಪರಿಶೀಲನೆಯಿಂದ.

ಮರುವರ್ಷವೇ ವ್ಯತಿರಿಕ್ತ ಉದಾಹರಣೆ. 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತದ್ದು ಅಧಿಕಾರಿಗಳ ಮತ್ತು ತಜ್ಞರ ಸಮಿತಿಯೊಂದರಿಂದ. ಜನಪ್ರತಿನಿಧಿಗಳು ಅದರ ಮೇಲೆ ಮತ ಹಾಕಲೇ ಇಲ್ಲ. ಒಂದು ದಶಕದ ನಂತರ, ಲೋಕಸಭಾ ಸದಸ್ಯ ಬಸುದೇಬ್ ಆಚಾರ್ಯ ಅವರ ಅಧ್ಯಕ್ಷತೆಯ ಕೃಷಿ ಸ್ಥಾಯಿ ಸಮಿತಿ ವಿದರ್ಭದ ಹಳ್ಳಿಗಳಿಗೆ ಹೋಗಿ ರೈತರನ್ನು ಕಂಡು, 2012ರ ಆಗಸ್ಟಿನಲ್ಲಿ ಒಮ್ಮತದ ವರದಿ ಸಲ್ಲಿಸಿತು. ಕುಲಾಂತರಿ ಆಹಾರ ಬೆಳೆಗಳ ವಿಷಯದಲ್ಲಿ ನಿಯಂತ್ರಣ ವ್ಯವಸ್ಥೆ ಸಾಲದು, ಕ್ಷೇತ್ರ ಪ್ರಯೋಗ ನಿಲ್ಲಿಸಿ ಎಂದಿತು. ಆಡಳಿತ ಪಕ್ಷದ ಸದಸ್ಯರೂ ಆ ಒಮ್ಮತದಲ್ಲಿದ್ದರು. ಇದನ್ನು ಒಪ್ಪದ ವಿಜ್ಞಾನಿಗಳಿದ್ದಾರೆ, ಇರಲಿ. ಹೊಲಕ್ಕೆ ಹೋಗಿ ಕೇಳಿದ ನಂತರ ಅಭಿಪ್ರಾಯ ಹೇಳುವ ಪದ್ಧತಿಯಲ್ಲಿ ತಪ್ಪು ಹುಡುಕುವುದು ಕಷ್ಟ.

ಆ ಪದ್ಧತಿಯೇ ಈಗ ಸೊರಗಿದೆ. ಮೊದಲನೆಯ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಸೇರಿತ್ತು. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆ ಸೇರಿದ್ದು 274 ದಿನ. ಹದಿನೈದನೆಯ ಲೋಕಸಭೆಯ ಅವಧಿಯಲ್ಲಿ ಶೇ. 71ರಷ್ಟು ಮಸೂದೆಗಳು ಸಮಿತಿಗಳ ಪರಿಶೀಲನೆಗೆ ಹೋಗಿದ್ದರೆ, ಹದಿನೇಳನೆಯದರಲ್ಲಿ ಹೋದದ್ದು ಸುಮಾರು ಶೇ. 16. ಮೂರು ಕೃಷಿ ಕಾನೂನುಗಳು 2020ರ ಸೆಪ್ಟೆಂಬರಿನಲ್ಲಿ ಸಮಿತಿಯ ಮೆಟ್ಟಿಲು ಹತ್ತದೆ ಅಂಗೀಕಾರವಾದವು. ವರ್ಷವಿಡೀ ದಿಲ್ಲಿಯ ಗಡಿಗಳಲ್ಲಿ ರೈತರು ಕುಳಿತ ಮೇಲೆ, 2021ರ ನವೆಂಬರ್ 29ರಂದು ಚರ್ಚೆಯೇ ಇಲ್ಲದೆ ರದ್ದಾದವು. ಒಳಗೆ ಆಗಬೇಕಿದ್ದ ಮಾತು ರಸ್ತೆಯಲ್ಲಿ ಆಗಬೇಕಾಯಿತು. ರದ್ದತಿಯನ್ನು ಸ್ವಾಗತಿಸಿದವರೂ ಆ ದಿನದ ಮೌನವನ್ನು ಸ್ವಾಗತಿಸಬೇಕಿಲ್ಲ.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. 1966ರ ಬೀಜ ಕಾಯಿದೆಯ ಜಾಗದಲ್ಲಿ ಹೊಸದನ್ನು ತರಲು ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಕರಡನ್ನು ಪ್ರಕಟಿಸಿ, ಅಭಿಪ್ರಾಯ ತಿಳಿಸಲು ಡಿಸೆಂಬರ್ 11ರವರೆಗೆ ಅವಕಾಶ ಕೊಟ್ಟಿತು. 2004ರಲ್ಲಿ ಮಂಡಿಸಿದ್ದ ಬೀಜ ಮಸೂದೆ ಕಾನೂನಾಗಲೇ ಇಲ್ಲ. ಹೊಸ ಕಾಯಿದೆ ಬೇಡ ಎಂಬುದು ನನ್ನ ವಾದವಲ್ಲ. ಕಳಪೆ ಬೀಜದಿಂದ ಮುಂಗಾರನ್ನೇ ಕಳೆದುಕೊಂಡ ರೈತನಿಗೆ ಆರು ದಶಕದ ಹಳೆಯ ಕಾಯಿದೆ ಹೆಚ್ಚೇನೂ ನೆರವಾಗುವುದಿಲ್ಲ. ಪ್ರಾಮಾಣಿಕ ಬೀಜೋತ್ಪಾದಕರಿಗೂ ನಕಲಿಗಳಿಂದ ನಷ್ಟವಿದೆ. ನಾನು ಕೇಳುವುದು ಮೂರೇ ಪ್ರಶ್ನೆ. ಬೆಳೆ ವಿಫಲವಾದಾಗ ಸಣ್ಣ ರೈತ ನ್ಯಾಯಾಲಯ ಅಲೆಯದೆ ಪರಿಹಾರ ಪಡೆಯುವ ದಾರಿ ಯಾವುದು? ಬ್ಯಾಡಗಿಯಂಥ ಸಾಮುದಾಯಿಕ ತಳಿಯನ್ನು ಮಹಿಳಾ ಸಂಘವೋ ಬೀಜ ಬ್ಯಾಂಕೋ ಹಂಚಿದರೆ, ಅದು ರೈತನ ಹಕ್ಕೋ ವ್ಯಾಪಾರವೋ? ಕ್ರಾಸಿಂಗ್ ಮಾಡುವ ಕೂಲಿಯ ಮತ್ತು ಗುತ್ತಿಗೆ ಬೆಳೆಗಾರನ ಬೀಜ ತಿರಸ್ಕೃತವಾದರೆ ಹೊಣೆ ಯಾರದು? ಉತ್ತರಗಳು ನಿಯಮಾವಳಿಯಲ್ಲಲ್ಲ, ಮೂಲ ಕಾಯಿದೆಯಲ್ಲೇ ಇರಬೇಕು.

ಹಾವೇರಿ ಲೋಕಸಭಾ ಕ್ಷೇತ್ರ ರೂಪುಗೊಂಡದ್ದು 2008ರ ಪುನರ್ವಿಂಗಡಣೆಯಲ್ಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ಲು, ಹಿರೇಕೆರೂರುಗಳೊಂದಿಗೆ ಗದಗ ಜಿಲ್ಲೆಯ ಮೂರು ವಿಧಾನಸಭಾ ಕ್ಷೇತ್ರಗಳೂ ಅದರಲ್ಲಿವೆ. ಬೀಜವನ್ನೇ ಬೆಳೆಯುವ ಇಂಥ ಕ್ಷೇತ್ರದ ಪ್ರತಿನಿಧಿ, ಯಾವ ಪಕ್ಷದವರೇ ಆಗಿರಲಿ, ಈ ವಿಷಯದಲ್ಲಿ ದೇಶಕ್ಕೆ ಪಾಠ ಹೇಳುವ ಸ್ಥಾನದಲ್ಲಿದ್ದಾರೆ. ಬೀಜದ ಯಾವುದೇ ಮಸೂದೆ ಸ್ಥಾಯಿ ಸಮಿತಿಯ ಪರಿಶೀಲನೆಯಿಲ್ಲದೆ ಅಂಗೀಕಾರವಾಗಬಾರದೆಂದು ಅವರು ಸದನದಲ್ಲಿ ಹೇಳಲಿ. ಸಮಿತಿ ವಿದರ್ಭಕ್ಕೆ ಹೋದಂತೆ ರಾಣೆಬೆನ್ನೂರಿಗೂ ಬರಲಿ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕುಳಿತು ಕನ್ನಡದಲ್ಲೇ ಅಹವಾಲು ಕೇಳಲಿ.

ಅದಕ್ಕೆ ನಾವು ಮಾಡಬೇಕಾದ ಕೆಲಸವೂ ಇದೆ. ಸಮಿತಿಗಳು ಜನರಿಂದ ಲಿಖಿತ ಅಭಿಪ್ರಾಯ ಕೇಳುತ್ತವೆ. ಗ್ರಾಮಸಭೆಗಳಲ್ಲಿ ಈ ಮೂರು ಪ್ರಶ್ನೆಗಳನ್ನು ಚರ್ಚಿಸಿ, ಠರಾವು ಬರೆದು, ಸಂಸದರಿಗೂ ಸಮಿತಿಗೂ ಕಳಿಸೋಣ. ಬೇಡ್ತಿ–ವರದಾ ಜೋಡಣೆಯ ವಿಷಯದಲ್ಲಿ ಘಟ್ಟದವರಿಗೂ ಬಯಲಿನವರಿಗೂ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡುವುದು ಬೇಡ. ಬೀಜದ ವಿಷಯದಲ್ಲಿ ಆ ಗೋಡೆಯಿಲ್ಲ: ಮಲೆನಾಡಿನ ಗದ್ದೆಯ ಹಳೆಯ ಭತ್ತಕ್ಕೂ ಬ್ಯಾಡಗಿಯ ಡಬ್ಬಿಗೂ ಕಾವಲಿರುವುದು ಒಂದೇ ಕಾಯಿದೆ. ಅದನ್ನು ತಿದ್ದುವ ದಿನ ಕೆಳಮನೆಯಲ್ಲಿ ನಮ್ಮ ಮಾತು ಇರಬೇಕಾದರೆ, ಅದು ಇಂದೇ ಇಲ್ಲಿಂದ ಹೊರಡಬೇಕು.